ಕಿಡಿ ಹಾರಿತು, ಚಕ್ಕೆ ಉಳಿಯಿತು

ಚಕಮಕಿ ಕಲ್ಲಿಗೆ ಉಕ್ಕು ಬಡಿದರೆ ಕಿಡಿ ಹಾರುತ್ತೆ. ಆ ಕಿಡಿ ಕಲ್ಲಿನದು ಅಂತಲೇ ನಾವೂ ಅಂದುಕೊಂಡಿದ್ದೆವು. ಅಲ್ಲ, ಅದು ಉಕ್ಕಿನದು! ಕಲ್ಲಿನ ಹರಿತವಾದ ಅಂಚು ಉಕ್ಕನ್ನು ಹೆರೆಯುತ್ತೆ. ಹೆರೆದ ಪುಡಿ ಕಾದು ಗಾಳಿಯಲ್ಲೇ ಉರಿಯುತ್ತೆ. ಹಳೇ ಫ್ಲಿಂಟ್‌ಲಾಕ್ ಬಂದೂಕಿನಲ್ಲಿ ಮದ್ದಿಗೆ ಬೆಂಕಿ ತಗುಲುತ್ತಿದ್ದದ್ದು ಹೀಗೆ.

ಆದರೆ ಕೆಲವು ಡಜನ್ ಗುಂಡು ಹಾರಿಸುವಷ್ಟರಲ್ಲಿ ಕಲ್ಲು ಮೊಂಡಾಗುತ್ತಿತ್ತು. ಹಾಗಾಗಿ ಸೈನ್ಯಕ್ಕೆ ಲಕ್ಷಗಟ್ಟಲೆ ಕಲ್ಲು ಬೇಕು. 1815ರಲ್ಲಿ ಮುಗಿದ ನೆಪೋಲಿಯನ್ ಯುದ್ಧಗಳ ಕಾಲಕ್ಕೆ ಬ್ರಿಟಿಷ್ ಸೈನ್ಯಕ್ಕೆ ಅದನ್ನು ಒದಗಿಸಿದ ಮುಖ್ಯ ಊರು ಇಂಗ್ಲೆಂಡಿನ ಸಫೋಕ್‌ನಲ್ಲಿರುವ ಬ್ರ್ಯಾಂಡನ್.

ಊರಿನ ಹತ್ತಿರದ ಲಿಂಗ್‌ಹೀತ್‌ನಲ್ಲಿ ಕೆಲಸಗಾರರು ಸುಣ್ಣಕಲ್ಲಿನ ಪದರ ಕೊರೆದು, ಇಕ್ಕಟ್ಟಾದ ಬಾವಿಯಂಥ ಗುಂಡಿಗಳಲ್ಲಿ ಇಳಿದು ಕಪ್ಪು ಕಲ್ಲು ತೆಗೆಯುತ್ತಿದ್ದರು. ಮೇಲೆ ಮೂರು ಹಂತದ ಕೆಲಸ: ದೊಡ್ಡ ಗುಂಡನ್ನು ಒಡೆಯೋದು, ಕಬ್ಬಿಣದ ಸುತ್ತಿಗೆಯಿಂದ ಉದ್ದುದ್ದ ಚಕ್ಕೆ ಎಬ್ಬಿಸೋದು, ಆ ಚಕ್ಕೆಯನ್ನು ತುಂಡರಿಸಿ ಚೌಕಾಕಾರಕ್ಕೆ ತರೋದು.

ತಯಾರಾದ ಕಲ್ಲು ಯುದ್ಧಕ್ಕೆ ಹೋಯಿತು. ಉಳಿದದ್ದು ತ್ಯಾಜ್ಯ: ಮುಚ್ಚಿದ ಗುಂಡಿಗಳ ತಗ್ಗು-ದಿಬ್ಬ, ಚಕ್ಕೆ ತೆಗೆದ ಮೇಲಿನ ತಿರುಳುಗಲ್ಲು, ಮುರಿದ ತುದಿಗಳ ರಾಶಿ. ಊರಿನ ಕೆಲವು ಗೋಡೆಗಳಲ್ಲೂ ಇದೇ ತಿರುಳುಗಲ್ಲು ಸೇರಿಕೊಂಡಿದೆ. ಪುರಾತತ್ತ್ವಜ್ಞರಿಗೆ ಇದೇ ಕಡತ.

ಇಲ್ಲೊಂದು ತೊಡಕಿದೆ. ಕೆಲವೇ ಕಿಲೋಮೀಟರ್ ದೂರದ ಗ್ರೈಮ್ಸ್ ಗ್ರೇವ್ಸ್‌ನಲ್ಲಿ 4000 ವರ್ಷಕ್ಕೂ ಹಳೆಯ, ನವಶಿಲಾಯುಗದ ಚಕಮಕಿ ಗಣಿಗಳಿವೆ. ಕಲ್ಲು ಅದೇ, ಚಕ್ಕೆಯೂ ಚಕ್ಕೆಯೇ. ಹಾಗಾದರೆ ಯಾವುದು ಯಾರದು? ಪೆಟ್ಟಿನ ಗುರುತು ನೋಡಬೇಕು. ಕಬ್ಬಿಣದ ಸುತ್ತಿಗೆ ಬಿದ್ದ ಜಾಗ ಚಿಕ್ಕದಾಗಿ, ಸ್ಪಷ್ಟವಾಗಿ ಕಾಣುತ್ತೆ. ಕೆಲವೊಮ್ಮೆ ತುಕ್ಕೂ ಅಂಟಿರುತ್ತೆ. ನವಶಿಲಾಯುಗದವರ ಬಳಿ ಕಬ್ಬಿಣ ಎಲ್ಲಿಂದ ಬರಬೇಕು? ಅವರು ಗಣಿಯಲ್ಲಿ ಬಿಟ್ಟುಹೋದದ್ದು ಜಿಂಕೆ ಕೊಂಬಿನ ಗುದ್ದಲಿಗಳನ್ನು.

ಹತ್ತೊಂಬತ್ತನೇ ಶತಮಾನದ ನಡುವಿಗೆ ಪರ್ಕಷನ್ ಕ್ಯಾಪ್ ಬಂದು ಸೈನ್ಯಕ್ಕೆ ಕಲ್ಲು ಬೇಡವಾಯಿತು. ಆದರೂ ಆಫ್ರಿಕಾದ ವ್ಯಾಪಾರದಿಂದ ಬ್ರ್ಯಾಂಡನ್‌ನ ಕಸುಬು ಇಪ್ಪತ್ತನೇ ಶತಮಾನದವರೆಗೂ ಉಸಿರಾಡಿತು. ಕಸುಬುದಾರರಿಗೆ ಮಾತ್ರ ಉಸಿರೇ ಕಷ್ಟ. ಚಕಮಕಿ ಅಂದರೆ ಬಹುಪಾಲು ಸಿಲಿಕಾ. ಶೆಡ್ಡಿನೊಳಗೆ ಕೂತು ಅದರ ಧೂಳು ಕುಡಿದ ಎಷ್ಟೋ ಜನ ಸಿಲಿಕೋಸಿಸ್‌ನಿಂದ ಬೇಗ ಸತ್ತರು. ಚಕ್ಕೆ ರಾಶಿಯಲ್ಲಿ ಸುತ್ತಿಗೆಯ ಪೆಟ್ಟನ್ನು ಗುರುತಿಸಬಹುದು. ಎದೆಯೊಳಗೆ ಇಳಿದ ಧೂಳು ಅಲ್ಲಿ ಸಿಗೋದಿಲ್ಲ.

ನಮ್ಮ ಫೌಂಡ್ರಿ ಲ್ಯಾಬಿನ ಮರಳೂ ಸಿಲಿಕಾನೇ. ಮುಂದಿನ ಸಲ ಜರಡಿ ಹಿಡಿಯುವಾಗ ಮಾಸ್ಕ್ ಹಾಕ್ಕೊಳ್ಳೋಣ.