ಮನೆ ಬಿಟ್ಟುಕೊಟ್ಟವರ ಊರು

ಏಪ್ರಿಲ್ ರಜೆ ಶುರುವಾದದ್ದು ಪುಂಜಾಲಕಟ್ಟೆ ಪೇಟೆಗೆ ಟೆಂಪೊ ಟ್ರಾವೆಲರ್‌ಗಳಿಂದಲೇ ಗೊತ್ತಾಗುತ್ತದೆ. ಮೇಲೆ ಟಾರ್ಪಾಲು ಹೊದಿಸಿ ಬಿಗಿದ ಬ್ಯಾಗುಗಳು, ಕಿಟಕಿಗೆ ಒಣಹಾಕಿದ ಟವೆಲುಗಳು. ಚಹಾಕ್ಕೆಂದು ಇಳಿದವರು ಕೇಳುವುದು ಒಂದೇ: ಧರ್ಮಸ್ಥಳಕ್ಕೆ ಇನ್ನೆಷ್ಟು ದೂರ? ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಎಂದು ಊರುಗಳನ್ನು ಸಾಲಾಗಿ ಹೇಳುವುದು ನಮಗೆಲ್ಲ ಬಾಯಿಪಾಠ.

ಇವರಿಗೆ ಇದು ಹರಕೆಯೂ ಹೌದು, ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಕೂಡಿ ಹೋಗುವ ಪ್ರವಾಸವೂ ಹೌದು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಹತ್ತು ಮಂದಿ ಹೊರಟರೆ ಕೈ ಕಚ್ಚುವುದು ಊಟ ಮತ್ತು ರೂಮು. ಆ ಎರಡು ಚಿಂತೆಯನ್ನು ಇಳಿಸಿದ್ದೇ ಧರ್ಮಸ್ಥಳದ ದೊಡ್ಡತನ.

ಕ್ಷೇತ್ರದ ಐತಿಹ್ಯ ಶುರುವಾಗುವುದೇ ಅತಿಥಿಗಳಿಂದ. ಆಗ ಊರಿನ ಹೆಸರು ಕುಡುಮ. ನೆಲ್ಯಾಡಿ ಬೀಡಿನಲ್ಲಿದ್ದ ಜೈನ ದಂಪತಿ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ. ಮನುಷ್ಯರೂಪದಲ್ಲಿ ಬಂದ ಧರ್ಮದೈವಗಳನ್ನು ಅವರು ಆದರಿಸಿದರು. ದೈವಗಳ ಅಪ್ಪಣೆಯಾದಾಗ ವಾಸದ ಮನೆಯನ್ನೇ ಬಿಟ್ಟುಕೊಟ್ಟರು. ಮುಂದೆ 16ನೇ ಶತಮಾನದಲ್ಲಿ ಸೋದೆಯ ವಾದಿರಾಜರಿಂದ ಊರಿಗೆ ಧರ್ಮಸ್ಥಳವೆಂಬ ಹೆಸರು ಬಂತೆನ್ನುತ್ತಾರೆ. ಮಂಜುನಾಥನಿಗೆ ಪೂಜೆ ಮಾಧ್ವ ಅರ್ಚಕರದು, ಆಡಳಿತ ಜೈನ ಹೆಗ್ಗಡೆ ಮನೆತನದ್ದು. 1968ರಿಂದ ಡಿ. ವೀರೇಂದ್ರ ಹೆಗ್ಗಡೆಯವರು ಧರ್ಮಾಧಿಕಾರಿ.

ಗಂಗೋತ್ರಿ, ವೈಶಾಲಿ, ಶರಾವತಿ, ಸಾಕೇತ, ರಜತಾದ್ರಿ: ವಸತಿಗೃಹಗಳ ಹೆಸರುಗಳು ಇವು. ಕಡಿಮೆ ಬಾಡಿಗೆಯ ಕೋಣೆಗೆ ಚಾಪೆ ಹಾಸಿದರೆ ಇಡೀ ಸಂಸಾರ ಕಾಲು ಚಾಚುತ್ತದೆ. ಬೆಳಿಗ್ಗೆ ನೇತ್ರಾವತಿ ಸ್ನಾನಘಟ್ಟ, ಆಮೇಲೆ ದರ್ಶನದ ಸಾಲು. ಮಧ್ಯಾಹ್ನ ‘ಅನ್ನಪೂರ್ಣ’ ಭೋಜನಶಾಲೆ. ಆವಿಯಲ್ಲಿ ಬೆಂದ ಅನ್ನ ಗಾಡಿಯಲ್ಲಿ ಉರುಳುತ್ತ ಬರುತ್ತದೆ. ಹಿಂದೆಯೇ ಸಾರು, ಹುಳಿ, ಪಾಯಸ, ಮಜ್ಜಿಗೆ. ನಿಮ್ಮ ಜಾತಿ ಯಾವುದು, ಊರು ಯಾವುದು ಎಂದು ಯಾರೂ ಕೇಳುವುದಿಲ್ಲ, ಊಟಕ್ಕೆ ದುಡ್ಡೂ ಇಲ್ಲ. ಸಂಜೆ ಮಕ್ಕಳಿಗೆ ಮಂಜೂಷಾ ವಸ್ತುಸಂಗ್ರಹಾಲಯ, ಹಳೆ ಕಾರುಗಳ ಸಂಗ್ರಹ, ದೇವಸ್ಥಾನದ ಆನೆ. ರತ್ನಗಿರಿಯ ಮೆಟ್ಟಿಲು ಹತ್ತಿದರೆ 39 ಅಡಿಯ ಬಾಹುಬಲಿ. ಕಡೆದವರು ಕಾರ್ಕಳದ ರೆಂಜಾಳ ಗೋಪಾಲಕೃಷ್ಣ ಶೆಣೈ, ಪ್ರತಿಷ್ಠೆ 1982ರಲ್ಲಿ. ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಬಂದವರಿಗೆ ಸರ್ವಧರ್ಮ ಸಮ್ಮೇಳನ, ಸಾಹಿತ್ಯ ಸಮ್ಮೇಳನಗಳ ಭಾಷಣವೂ ಕಿವಿಗೆ ಬೀಳುತ್ತದೆ.

ದುಡಿಯುವವರ ರಜೆಗೂ ಒಂದು ಸೂರು ಬೇಕೆಂಬ ಯೋಚನೆ ಇಂಗ್ಲೆಂಡಿನಲ್ಲೂ ಹುಟ್ಟಿತ್ತು. 1936ರಲ್ಲಿ ಬಿಲ್ಲಿ ಬಟ್ಲಿನ್ ಸ್ಕೆಗ್ನೆಸ್ ಕಡಲತೀರದಲ್ಲಿ ರಜಾ ಶಿಬಿರ ತೆರೆದರು. ಪುಟ್ಟ ಮನೆಗಳ ಸಾಲು, ಮೂರು ಹೊತ್ತು ಊಟ, ಆಟ, ಹಾಡು; ಒಂದು ವಾರದ ಸಂಬಳದಲ್ಲಿ ವಾರದ ರಜೆ ಕಳೆಯಬಹುದೆಂಬ ಭರವಸೆ. 1938ರಲ್ಲಿ ಸಂಬಳಸಹಿತ ರಜೆಯ ಕಾನೂನು ಬಂದದ್ದು ಇಂಥ ಶಿಬಿರಗಳಿಗೆ ಬಲ ಕೊಟ್ಟಿತು. ಅಲ್ಲಿ ಅದು ವ್ಯಾಪಾರ, ಇಲ್ಲಿ ದಾನ. ಆದರೆ ಅಲ್ಲಿಯ ಗಿರಣಿಯ ಹೆಣ್ಣುಮಗಳಿಗೂ ಇಲ್ಲಿ ಬೀಡಿ ಕಟ್ಟುವ ತಾಯಿಗೂ ಸಿಕ್ಕಿದ್ದು ಒಂದೇ: ಒಲೆ ಹಚ್ಚಬೇಕಿಲ್ಲದ ದಿನ.

ಧರ್ಮಸ್ಥಳದಿಂದ ಹೊರಟವರು ಪಣಂಬೂರಿನಲ್ಲಿ ಮಕ್ಕಳಿಗೆ ಕಡಲು ತೋರಿಸಿ ಊರಿನ ಹಾದಿ ಹಿಡಿಯುತ್ತಾರೆ. ಅಲೆಯ ಸದ್ದು ಕೇಳುತ್ತ ಒಂದು ರಾತ್ರಿ ಮಲಗಲು ಅವರ ಕೈಗೆಟಕುವ ಕೋಣೆಯೊಂದು ನಮ್ಮ ಕರಾವಳಿಯಲ್ಲೂ ಬೇಕು. ಅದನ್ನು ಕಟ್ಟುವವರು ಮೊದಲೊಮ್ಮೆ ಅನ್ನಪೂರ್ಣದ ಪಂಕ್ತಿಯಲ್ಲಿ ಕುಳಿತು ಉಂಡು ಬರಲಿ.