ವಿನಂತಿಯ ನುಡಿ: ಉತ್ತಂಗಿ ಚನ್ನಪ್ಪನವರ ಎರಡು ನಿಷ್ಠೆಗಳು

ಕ್ರೈಸ್ತ ಧರ್ಮಕ್ಕೂ ಕನ್ನಡ ಸಂಸ್ಕೃತಿಗೂ ಇರುವ ಸಂಬಂಧವನ್ನು ಚರ್ಚಿಸುವಾಗ ಸಾಮಾನ್ಯವಾಗಿ ಫರ್ಡಿನಾಂಡ್ ಕಿಟ್ಟೆಲ್ಲರ ಹೆಸರು ಮೊದಲು ಬರುತ್ತದೆ. 1853ರಲ್ಲಿ ಬಾಸೆಲ್ ಮಿಶನ್ನಿನ ಮೂಲಕ ಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಆದರೆ ಹೊರಗಿನಿಂದ ಬಂದವರು ಇಲ್ಲಿಯ ನುಡಿಯನ್ನು ಕಲಿಯುವುದು ಬೇರೆ. ಇಲ್ಲಿಯೇ ಹುಟ್ಟಿದ ಕ್ರೈಸ್ತನು ಇಲ್ಲಿಯ ಸಂಸ್ಕೃತಿಯನ್ನು ತನ್ನದೆನ್ನುವುದು ಬೇರೆ. ಮೊದಲನೆಯದು ಪಾಂಡಿತ್ಯವೆನಿಸುತ್ತದೆ, ಎರಡನೆಯದು ಸಮರ್ಥನೆಯನ್ನು ಬೇಡುತ್ತದೆ. ಉತ್ತಂಗಿ ಚನ್ನಪ್ಪನವರ (1881–1962) ಬದುಕು ಈ ಎರಡನೆಯ ಬಗೆಯದು.

ಧಾರವಾಡದಲ್ಲಿ ಹುಟ್ಟಿದ ಅವರು ಮಂಗಳೂರಿನಲ್ಲಿ ದೈವಶಾಸ್ತ್ರವನ್ನು ಓದಿ ಬಾಸೆಲ್ ಮಿಶನ್ನಿನ ಪಾದ್ರಿಗಳಾದರು. ಊರೂರು ಸುತ್ತಿ ಸಂಗ್ರಹಿಸಿದ ಸರ್ವಜ್ಞನ ತ್ರಿಪದಿಗಳನ್ನು 1924ರಲ್ಲಿ ಪ್ರಕಟಿಸಿದರು. ಮುಂದೆ ಅನುಭವಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ರಚಿಸಿದರು. ಸುವಾರ್ತೆ ಸಾರಬೇಕಾದ ಪಾದ್ರಿ ಶಿವಭಕ್ತ ಕವಿಗಾಗಿ ವರ್ಷಗಟ್ಟಲೆ ದುಡಿಯುವುದು ದೀಕ್ಷೆಗೆ ಸಲ್ಲುತ್ತದೆಯೇ, ಅದು ವಿದ್ವಾಂಸನ ಸ್ವಂತ ಹಂಬಲವೇ ಎಂಬ ಪ್ರಶ್ನೆ ಸಭೆಯೊಳಗೆ ಸಹಜ. ಇದು ಮತಪ್ರಸಾರದ ಉಪಾಯವಲ್ಲವೇ ಎಂಬುದು ಹೊರಗೆ ಸಹಜ.

ಈ ಎರಡೂ ಪ್ರಶ್ನೆಗಳಿಗೆ ಗ್ರಂಥಸಂಪಾದನೆಯ ಶಿಸ್ತೇ ಒಂದು ಉತ್ತರ. ಸಂಗ್ರಹಿಸಿದ ಪದ್ಯ ಸಾಚಾ ಹೌದೋ ಅಲ್ಲವೋ ಎಂಬುದನ್ನು ವಿಶ್ವಾಸಿಯೂ ಅನ್ಯಮತೀಯನೂ ಒಂದೇ ಅಳತೆಯಿಂದ ಪರೀಕ್ಷಿಸಬಹುದು. ಅಲ್ಲಿ ಸಂಪಾದಕನ ಹಂಬಲ ಪಠ್ಯಕ್ಕೆ ಅಧೀನ.

ಅವರ ಇನ್ನೊಂದು ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಈ ಶೀರ್ಷಿಕೆಯಲ್ಲಿ ಎರಡು ಪುಣ್ಯಕ್ಷೇತ್ರಗಳೂ ತಮ್ಮ ತಮ್ಮ ಸ್ಥಾನದಲ್ಲಿಯೇ ಇವೆ. ಒಂದು ಇನ್ನೊಂದಕ್ಕೆ ಆಜ್ಞೆ ಮಾಡದೆ ಬಿನ್ನವಿಸುತ್ತದೆ. ಆದರೂ ವಿನಂತಿಯು ಕೇಳುಗನಿಂದ ಏನನ್ನೋ ಅಪೇಕ್ಷಿಸುತ್ತದೆಯೆಂಬುದನ್ನು ಮರೆಯಲಾಗದು. ಅಲ್ಲಿ ಬಿಕ್ಕಟ್ಟು ಸೌಮ್ಯವಾಗುತ್ತದೆ, ಇಲ್ಲವಾಗುವುದಿಲ್ಲ.

1949ರಲ್ಲಿ, ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರು ಅಧ್ಯಕ್ಷರಾದರು. ರಾಜ್ಯದ ಗಡಿಯಂತೆ ಮತದ ಗಡಿಯೂ ಕನ್ನಡತನದ ಎಲ್ಲೆಯಲ್ಲವೆಂಬುದಕ್ಕೆ ಆ ಆಯ್ಕೆ ಸಾಕ್ಷಿ. 1956ರ ಬಳಿಕವೂ ಮದ್ರಾಸ್ ರಾಜ್ಯದಲ್ಲಿಯೇ ಉಳಿದ ತಾಳವಾಡಿ ಸೀಮೆಯ ತಿಗನಾರೆಯಂಥ ಊರುಗಳಿಗೆ ಇದರ ಅರ್ಧ ಭಾಗ ಅನುಭವದಿಂದಲೇ ಗೊತ್ತು: ಆಡಳಿತದ ನುಡಿ ಒಂದು, ಮನೆಯ ನುಡಿ ಇನ್ನೊಂದು. ಆದರೆ ಮನೆಮಾತು ಯಾರನ್ನೂ ಬದಲಾಗೆಂದು ಕೇಳುವುದಿಲ್ಲ, ಸುವಾರ್ತೆ ಕೇಳುತ್ತದೆ. ಆದ್ದರಿಂದ ಭಾಷಾ ಅಲ್ಪಸಂಖ್ಯಾತರ ಅಧ್ಯಯನದ ಪರಿಭಾಷೆಯನ್ನು ಮತೀಯ ಅಲ್ಪಸಂಖ್ಯಾತರಿಗೆ ಹಾಗೆಯೇ ಅನ್ವಯಿಸಲಾಗದು. ಉತ್ತಂಗಿಯವರನ್ನು ಸಮನ್ವಯದ ಸುಲಭ ಪ್ರತೀಕವಾಗಿಸದೆ ಓದಬೇಕಾದುದು ಇದಕ್ಕಾಗಿಯೇ.