ಮಗ್ಗದ ಸದ್ದು, ಕಂಪನಿಯ ಕರೆ: ಹೆಡ್‌ಫೋನ್ ಕೊಳ್ಳುವ ಮುನ್ನ

ದೊಡ್ಡಬಳ್ಳಾಪುರ: ಇಲ್ಲಿನ ನೇಕಾರರ ಬೀದಿಗಳಲ್ಲಿ ನಡೆದು ಹೋಗುವವರಿಗೆ ಊರಿನ ಕಸುಬು ಯಾವುದೆಂದು ಯಾರೂ ಹೇಳಬೇಕಾಗಿಲ್ಲ. ಮನೆಯ ಮುಂಭಾಗದಲ್ಲೋ ಪಕ್ಕದ ಕೊಠಡಿಯಲ್ಲೋ ಎರಡು, ನಾಲ್ಕು ವಿದ್ಯುತ್ ಮಗ್ಗಗಳು; ಅದಕ್ಕೆ ಹೊಂದಿಕೊಂಡೇ ಸಂಸಾರ. ಲಾಳಿ ಅತ್ತಿಂದಿತ್ತ ಹಾರಿ ಬಡಿಯುವ ಸದ್ದು ಗೋಡೆಗಳನ್ನು ದಾಟಿ ಬೀದಿಗೆ ಬರುತ್ತದೆ. ಹುಟ್ಟಿದಾಗಿನಿಂದ ಕೇಳಿದವರಿಗೆ ಅದು ಸದ್ದೇ ಅಲ್ಲ. ಮಗ್ಗ ನಿಂತಾಗಲೇ ಅವರಿಗೆ ಏನೋ ಕಳೆದುಕೊಂಡಂತೆ.

ಆದರೆ 2020ರ ಲಾಕ್‌ಡೌನ್ ನಂತರ ಇಂಥ ಮನೆಗಳ ಒಳಕೋಣೆಯಲ್ಲಿ ಮತ್ತೊಂದು ಉದ್ಯೋಗವೂ ನಡೆಯುವುದುಂಟು. ಓದಿ ಬೆಂಗಳೂರಿನ ಕಂಪನಿ ಸೇರಿದ ಮಗನೋ ಮಗಳೋ ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಗ್ರಾಹಕರ ಕರೆ ಸ್ವೀಕರಿಸುವ ಕೆಲಸವಾದರೆ ಆ ಬದಿಯಿಂದ ಬರುವ ಮೊದಲ ಪ್ರಶ್ನೆ, ‘ಅದೇನು ಸದ್ದು?’ ಎಂಬುದೇ. ಕರೆಯ ಗುಣಮಟ್ಟಕ್ಕೆ ಅಂಕ ನೀಡುವ ಕಂಪನಿಗಳಲ್ಲಿ ಇದು ನೇರವಾಗಿ ನೌಕರಿಯ ಪ್ರಶ್ನೆಯಾಗುತ್ತದೆ. ಮಗ್ಗ ನಿಲ್ಲಿಸಿದರೆ ಅಪ್ಪನ ಕೂಲಿ ನಿಲ್ಲುತ್ತದೆ, ನಿಲ್ಲಿಸದಿದ್ದರೆ ಮಗಳ ಕೆಲಸ ಅಲುಗಾಡುತ್ತದೆ. ಆಗ ನೆನಪಾಗುವುದೇ ಜಾಹೀರಾತುಗಳಲ್ಲಿ ಮಿಂಚುವ ‘ನಾಯ್ಸ್ ಕ್ಯಾನ್ಸಲೇಶನ್’ ಹೆಡ್‌ಫೋನ್. ಎರಡು ಸಾವಿರದಿಂದ ಐದು ಸಾವಿರ ರೂಪಾಯಿಯೊಳಗೆ ಈಗ ಅವು ಧಾರಾಳವಾಗಿ ಸಿಗುತ್ತವೆ. ಕೊಂಡ ಮೇಲೆ ನಿರಾಶರಾಗುವವರೂ ಧಾರಾಳವಾಗಿಯೇ ಇದ್ದಾರೆ. ನಿರಾಶೆಗೆ ಕಾರಣ ಬಹುಮಟ್ಟಿಗೆ ಒಂದೇ ಗೊಂದಲ.

ಯಾರ ಕಿವಿಗೆ ಮೌನ?

ಕರೆಯಲ್ಲಿ ಎರಡು ತುದಿಗಳಿರುತ್ತವೆ. ನಿಮ್ಮ ಕಿವಿಗೆ ಬೀಳುವ ಗದ್ದಲ ಒಂದು. ನಿಮ್ಮ ಮೈಕ್ ಮೂಲಕ ಎದುರಿನವರ ಕಿವಿಗೆ ಹೋಗುವ ಗದ್ದಲ ಇನ್ನೊಂದು. ಎಎನ್‌ಸಿ ಎಂಬ ತಂತ್ರಜ್ಞಾನ ಅಡಗಿಸುವುದು ಮೊದಲನೆಯದನ್ನು ಮಾತ್ರ. ಹೆಡ್‌ಫೋನ್ ಧರಿಸಿದವರಿಗೆ ಕೋಣೆ ಶಾಂತವಾಗುತ್ತದೆ, ಗ್ರಾಹಕನಿಗೆ ಮಗ್ಗ ಎಂದಿನಂತೆಯೇ ಕೇಳುತ್ತದೆ. ಎರಡನೆಯದನ್ನು ತಗ್ಗಿಸುವ ವ್ಯವಸ್ಥೆಗೆ ಇಎನ್‌ಸಿ ಎಂದು ಹೆಸರು. ಒಂದೇ ಒಂದು ಅಕ್ಷರದ ವ್ಯತ್ಯಾಸ. ಪೆಟ್ಟಿಗೆಯ ಮೇಲೆ ಇಎನ್‌ಸಿ ಎಂದಷ್ಟೇ ಬರೆದು, ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ನಾಯ್ಸ್ ಕ್ಯಾನ್ಸಲೇಶನ್’ ಎಂದು ಮುದ್ರಿಸಿದರೆ ಅದು ಸುಳ್ಳಲ್ಲ, ಆದರೆ ಕೊಳ್ಳುವವರು ತಪ್ಪು ತಿಳಿಯುತ್ತಾರೆ. ಅಗ್ಗದ ಮಾದರಿಗಳಲ್ಲಿ ಎಷ್ಟೋ ಸಲ ಇರುವುದು ಇಎನ್‌ಸಿ ಮಾತ್ರ. ಕೊಳ್ಳುವ ಮುನ್ನ ಈ ಒಂದಕ್ಷರವನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ವಿಮಾನದಲ್ಲಿ ಹುಟ್ಟಿದ ವಿದ್ಯೆ

ಸದ್ದನ್ನು ಸದ್ದಿನಿಂದಲೇ ಅಡಗಿಸುವ ಯೋಚನೆ ಹೊಸದಲ್ಲ. ಜರ್ಮನಿಯ ಪಾಲ್ ಲೂಗ್ 1933ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. 1936ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅಲೆಯೊಂದು ಏರುವಾಗ ಅದಕ್ಕೆ ಸರಿಸಮನಾಗಿ ಇಳಿಯುವ ಇನ್ನೊಂದು ಅಲೆಯನ್ನು ಕೂಡಿಸಿದರೆ ಎರಡೂ ಪರಸ್ಪರ ಅಳಿದುಹೋಗುತ್ತವೆ ಎಂಬುದು ಸೂತ್ರ. ಅದನ್ನು ಕಿವಿಗೆ ತೊಡುವ ಸಾಧನವಾಗಿಸುವ ಹಂಬಲ ಬಂಗಾಳಿ ಮೂಲದ ಅಮೆರಿಕನ್ ಪ್ರಾಧ್ಯಾಪಕ ಅಮರ್ ಬೋಸ್ ಅವರಿಗೆ ಹುಟ್ಟಿದ್ದು 1978ರಲ್ಲಿ, ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೊರಟಿದ್ದ ವಿಮಾನದಲ್ಲಿ. ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದಿನ ನಡುವೆ ಸಂಗೀತ ಕೇಳಿಸದೆ, ಅವರು ಪ್ರಯಾಣದಲ್ಲೇ ಲೆಕ್ಕ ಹಾಕಲು ತೊಡಗಿದರಂತೆ. ಪೈಲಟ್‌ಗಳಿಗಾಗಿ ಅವರ ಕಂಪನಿಯ ಹೆಡ್‌ಸೆಟ್ ಮಾರುಕಟ್ಟೆಗೆ ಬಂದಿದ್ದು 1989ರಲ್ಲಿ. ಸಾಮಾನ್ಯ ಪ್ರಯಾಣಿಕರಿಗಾಗಿ 2000ದಲ್ಲಿ.

ವಿಮಾನದಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ. ಎಂಜಿನ್ನಿನ ಗುಂಯ್‌ಗುಡುವಿಕೆ ಏಕರೂಪದ್ದು, ತಗ್ಗು ಕಂಪನಾಂಕದ್ದು. ನೂರು ಹರ್ಟ್ಜ್‌ನ ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ಉದ್ದವಿರುತ್ತದೆ. ಅದು ದಾಟಿಹೋಗಲು ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಹೆಡ್‌ಫೋನಿನ ಹೊರಗಿನ ಪುಟ್ಟ ಮೈಕ್ ಅದನ್ನು ಕೇಳಿಸಿಕೊಂಡು, ಒಳಗಿನ ಚಿಪ್ ಎದುರಲೆಯನ್ನು ರಚಿಸಿ ಬಿಡಲು ಅಷ್ಟು ಸಮಯ ಧಾರಾಳ. ನಾಲ್ಕು ಸಾವಿರ ಹರ್ಟ್ಜ್‌ನ ಅಲೆಯಾದರೋ ಎಂಟೂವರೆ ಸೆಂಟಿಮೀಟರ್ ಮಾತ್ರ. ಚಿಪ್ ಕೂದಲೆಳೆಯಷ್ಟು ತಡಮಾಡಿದರೂ ಎದುರಲೆ ಸರಿಯಾಗಿ ಕೂಡದು. ಆದ್ದರಿಂದಲೇ ಸುಮಾರು ಒಂದು ಸಾವಿರ ಹರ್ಟ್ಜ್‌ಗಿಂತ ಮೇಲಿನ ಸದ್ದಿನ ಮೇಲೆ ಎಎನ್‌ಸಿಯ ಹಿಡಿತ ಸಡಿಲ. ಅಲ್ಲಿ ಕೆಲಸ ಮಾಡುವುದು ಕಿವಿಯನ್ನು ಸುತ್ತಲೂ ಮುಚ್ಚುವ ದಿಂಬಿನ ಬಿಗಿತವೇ ಹೊರತು ಚಿಪ್ ಅಲ್ಲ.

ಈಗ ನಮ್ಮ ಜಿಲ್ಲೆಯ ಸದ್ದುಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ದೇವನಹಳ್ಳಿ ಸುತ್ತಿನ ಊರುಗಳ ಮೇಲೆ ಹಾದುಹೋಗುವ ವಿಮಾನಗಳ ಮೊರೆತ, ನೆಲಮಂಗಲ ಮತ್ತು ಹೊಸಕೋಟೆಯ ಹೆದ್ದಾರಿಗಳಲ್ಲಿ ರಾತ್ರಿ ಹಗಲು ಓಡುವ ಲಾರಿಗಳ ಗುಡುಗು, ಬೆಂಗಳೂರಿಗೆ ದಿನವೂ ಹೋಗಿಬರುವವರ ಬಸ್ಸಿನ ಎಂಜಿನ್ — ಇವುಗಳಲ್ಲಿ ತಗ್ಗು ಸದ್ದಿನ ಪಾಲು ಹೆಚ್ಚು. ಇಲ್ಲಿ ಎರಡು ಮೂರು ಸಾವಿರ ರೂಪಾಯಿಯ ಎಎನ್‌ಸಿ ಕೂಡ ಗುರುತಿಸುವಷ್ಟು ಉಪಶಮನ ಕೊಡುತ್ತದೆ. ಮಗ್ಗದ ಸದ್ದು ಬೇರೆ ಜಾತಿಯದು. ಲಾಳಿಯ ಹೊಡೆತ ಸೆಕೆಂಡಿಗೆ ಎರಡು ಮೂರು ಬಾರಿ ಬರುವ ಪೆಟ್ಟು. ಪ್ರತಿ ಪೆಟ್ಟಿನಲ್ಲೂ ತಗ್ಗಿನಿಂದ ಏರಿನವರೆಗೆ ಎಲ್ಲ ಕಂಪನಾಂಕಗಳೂ ಬೆರೆತಿರುತ್ತವೆ. ಎಎನ್‌ಸಿ ಅದರ ಅಡಿಭಾಗವನ್ನು ಕತ್ತರಿಸುತ್ತದೆ, ಟಕಟಕ ಉಳಿಯುತ್ತದೆ. ಮಗ್ಗದ ಮನೆಯವರು ಹೆಡ್‌ಫೋನ್ ಆರಿಸುವಾಗ ಎಎನ್‌ಸಿಗಿಂತ ಮೊದಲು ನೋಡಬೇಕಾದ್ದು ಕಿವಿಯ ಸುತ್ತ ಪೂರ್ತಿ ಕೂರುವ ದಪ್ಪ ದಿಂಬು. ಕನ್ನಡಕ ಧರಿಸುವವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಬೇಕು. ಅದರ ಕಡ್ಡಿ ಬಿಡಿಸುವ ಸಣ್ಣ ಸಂದಿಯಲ್ಲೇ ಸದ್ದು ನುಸುಳುತ್ತದೆ.

ಬಾಯಿಯ ಬಳಿ ಮೈಕ್

ಇನ್ನು ಎದುರಿನವರ ಕಿವಿಯ ಪ್ರಶ್ನೆ. ಮೈಕ್ ಬಾಯಿಗೆ ಎಷ್ಟು ಹತ್ತಿರವಿದೆ ಎಂಬುದಕ್ಕಿಂತ ದೊಡ್ಡ ಉಪಾಯ ಇದುವರೆಗೆ ಯಾರೂ ಕಂಡುಹಿಡಿದಿಲ್ಲ. ದೂರ ಅರ್ಧವಾದಾಗಲೆಲ್ಲ ಮಾತಿನ ಮಟ್ಟ ಸುಮಾರು ಆರು ಡೆಸಿಬೆಲ್ ಏರುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಕಿವಿಯ ಬಟ್ಟಲಿನಲ್ಲೇ ಅಡಗಿರುವ ಮೈಕ್ ಬಾಯಿಗೆ ಹನ್ನೆರಡು ಸೆಂಟಿಮೀಟರ್ ದೂರದಲ್ಲಿದ್ದರೆ, ಕಡ್ಡಿಯ ತುದಿಯಲ್ಲಿರುವ ಮೈಕನ್ನು ಮೂರು ಸೆಂಟಿಮೀಟರಿಗೆ ತರಬಹುದು. ಅಂದರೆ ಹನ್ನೆರಡು ಡೆಸಿಬೆಲ್ ಲಾಭ, ಯಾವ ಚಿಪ್ಪಿನ ಹಂಗೂ ಇಲ್ಲದೆ. ಮೈಕ್ ತುಟಿಯ ನೇರಕ್ಕಿರದೆ ಬಾಯಿಯ ಕೊನೆಯ ಬದಿಗಿರಲಿ, ಉಸಿರು ಬಡಿಯುವುದಿಲ್ಲ.

ಕಡ್ಡಿ ಮೈಕ್ ಹೊತ್ತುಕೊಂಡು ಬಸ್ಸು ಹತ್ತಲು ಯಾರಿಗೂ ಇಷ್ಟವಿಲ್ಲ. ಬಿಚ್ಚಿಡಬಹುದಾದ ಮೈಕಿಗೆ ಬೇಡಿಕೆ ಬಂದಿರುವುದು ಇದರಿಂದಲೇ. ಆದರೆ ನಿಸ್ತಂತು ಸಂಪರ್ಕ, ಎಎನ್‌ಸಿ, ಬಿಚ್ಚುವ ಮೈಕ್ ಈ ಮೂರೂ ಒಂದರಲ್ಲೇ ಇರುವ ಹೆಡ್‌ಫೋನ್ ಅಗ್ಗದ ದರ್ಜೆಯಲ್ಲಿ ಬಲು ಅಪರೂಪ. ಗೇಮಿಂಗ್ ಹೆಡ್‌ಸೆಟ್‌ಗಳಲ್ಲಿ ಬಿಚ್ಚುವ ಮೈಕ್ ಇರುತ್ತದೆ, ಎಎನ್‌ಸಿ ಇರುವುದಿಲ್ಲ. ಸಂಗೀತದ ಹೆಡ್‌ಫೋನ್‌ಗಳಲ್ಲಿ ಎಎನ್‌ಸಿ ಇರುತ್ತದೆ, ಕಡ್ಡಿ ಮೈಕ್ ಇರುವುದಿಲ್ಲ. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಹುಡುಕುತ್ತಾ ಬಜೆಟ್ ಮೀರುವುದಕ್ಕಿಂತ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ಕೊಳ್ಳುವುದೇ ಜಾಣತನವೆಂಬುದು ಈ ಲೇಖಕನ ಅಭಿಪ್ರಾಯ.

ಅದಕ್ಕೆ ದಾರಿಗಳಿವೆ. ವಿ-ಮೋಡಾ ಕಂಪನಿಯ ಬೂಮ್‌ಪ್ರೊ ಮಾದರಿಯಂಥ, ತುದಿಯಲ್ಲಿ ಕಡ್ಡಿ ಮೈಕ್ ಇರುವ ಕೇಬಲ್ಲನ್ನು ಹೆಡ್‌ಫೋನಿನ 3.5 ಮಿ.ಮೀ. ತೂತಿಗೆ ಚುಚ್ಚಬಹುದು. ಹೆಡ್‌ಫೋನಿನಲ್ಲಿ ಆ ತೂತು ಇರಬೇಕು, ಅದೂ 2.5 ಮಿ.ಮೀ.ನದಾಗಿರಬಾರದು, ಹಲವು ಮಾದರಿಗಳಲ್ಲಿ ಹಾಗಿರುತ್ತದೆ. ಕೇಬಲ್ ಚುಚ್ಚಿದಾಗ ಎಎನ್‌ಸಿ ಕೆಲಸ ಮಾಡುತ್ತದೆಯೇ ಎಂಬುದನ್ನೂ ಕೇಳಿ ತಿಳಿಯಬೇಕು. ಆಂಟ್ಲಯನ್ ಕಂಪನಿಯ ಮಾಡ್‌ಮೈಕ್‌ನಂಥವು ಅಯಸ್ಕಾಂತದಿಂದ ಯಾವುದೇ ಹೆಡ್‌ಫೋನಿನ ಹೊರಮೈಗೆ ಅಂಟಿಕೊಳ್ಳುತ್ತವೆ, ಆದರೆ ಅಗ್ಗದವಲ್ಲ. ಮೂರನೆಯದು ಎಲ್ಲಕ್ಕಿಂತ ಸರಳ: ಕೆಲವು ನೂರು ರೂಪಾಯಿಗೆ ಸಿಗುವ, ಕಾಲರಿಗೆ ಸಿಕ್ಕಿಸುವ ಯುಎಸ್‌ಬಿ ಮೈಕ್. ಮಗ್ಗದ ಮನೆಗೆ ಇದು ಸ್ವಲ್ಪ ಕಡಿಮೆಯೇ, ಏಕೆಂದರೆ ಕಾಲರ್ ಬಾಯಿಗೆ ಒಂದು ಗೇಣು ದೂರ. ಹೆದ್ದಾರಿ ಪಕ್ಕದ ಮನೆಗೆ ಸಾಕು.

ಬ್ಲೂಟೂತ್ ಕೇಳುವ ಸುಂಕ

ಮೈಕನ್ನು ಬೇರೆಯಾಗಿ ಕೊಳ್ಳುವುದರಿಂದ ಇನ್ನೊಂದು ಪ್ರಯೋಜನವಿದೆ, ಅಂಗಡಿಯವರು ಹೇಳುವುದು ಕಡಿಮೆ. ಹಾಡು ಕೇಳುವಾಗ ಬ್ಲೂಟೂತ್ ಧ್ವನಿಯನ್ನು ಒಂದೇ ದಿಕ್ಕಿಗೆ, ಉತ್ತಮ ಗುಣಮಟ್ಟದಲ್ಲಿ ಕಳಿಸುತ್ತದೆ. ಹೆಡ್‌ಫೋನಿನದೇ ಮೈಕ್ ಬಳಸಿದ ಕ್ಷಣ ಅದು ಕರೆಯ ವಿಧಾನಕ್ಕೆ ಬದಲಾಗುತ್ತದೆ. ಹಳೆಯ ವಿಧಾನದಲ್ಲಿ ಧ್ವನಿಯನ್ನು ಸೆಕೆಂಡಿಗೆ ಎಂಟು ಸಾವಿರ ಬಾರಿ, ಸುಧಾರಿತದಲ್ಲಿ ಹದಿನಾರು ಸಾವಿರ ಬಾರಿ ಮಾತ್ರ ಅಳೆದು ಕಳಿಸಲಾಗುತ್ತದೆ. ಐದು ಸಾವಿರ ಕೊಟ್ಟ ಹೆಡ್‌ಫೋನ್ ಹಳೆಯ ಲ್ಯಾಂಡ್‌ಲೈನಿನಂತೆ ಕೇಳಿಸಿದರೆ ದೋಷ ಹೆಡ್‌ಫೋನಿನದಲ್ಲ. ಲ್ಯಾಪ್‌ಟಾಪಿನ ಧ್ವನಿ ಸೆಟ್ಟಿಂಗಿನಲ್ಲಿ ಔಟ್‌ಪುಟ್‌ಗೆ ಬ್ಲೂಟೂತ್ ಹೆಡ್‌ಫೋನನ್ನೂ, ಇನ್‌ಪುಟ್‌ಗೆ ಯುಎಸ್‌ಬಿ ಮೈಕನ್ನೂ ಆರಿಸಿದರೆ ಈ ಇಳಿಕೆ ತಪ್ಪುತ್ತದೆ. 2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೊ ಎಂಬ ಹೊಸ ವಿಧಾನ ಈ ಕೊರತೆಯನ್ನು ನೀಗಿಸಬಲ್ಲದು. ಆದರೆ ಹೆಡ್‌ಫೋನ್ ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಅದು ಇರಬೇಕು.

ಹಣ ತೆಗೆಯುವ ಮೊದಲು ಮಾಡಬಹುದಾದ ಉಚಿತ ಪ್ರಯೋಗವೊಂದಿದೆ. ಜೂಮ್, ಟೀಮ್ಸ್ ಮುಂತಾದವುಗಳಲ್ಲೇ ಹಿನ್ನೆಲೆ ಸದ್ದು ತಗ್ಗಿಸುವ ಆಯ್ಕೆಯಿದೆ. ಅದನ್ನು ಹೆಚ್ಚಿನ ಮಟ್ಟಕ್ಕಿಟ್ಟು, ಮಗ್ಗ ಓಡುತ್ತಿರುವಾಗ ಸ್ನೇಹಿತರೊಬ್ಬರಿಗೆ ಕರೆ ಮಾಡಿ ಕೇಳಿ. ಮಾತಿನ ತುದಿಗಳನ್ನು ಅದು ಕೆಲವೊಮ್ಮೆ ನುಂಗಿದರೂ, ಕೆಲಸ ನಡೆಯುವಂತಿದ್ದರೆ ಮೈಕಿನ ಖರ್ಚು ಉಳಿಯಿತು.

ಪೆಟ್ಟಿಗೆಯ ಮೇಲಿನ ಅಂಕಿಗಳು

‘35 ಡೆಸಿಬೆಲ್’, ‘45 ಡೆಸಿಬೆಲ್’ ಎಂದು ಮುದ್ರಿಸಿರುವುದು ಸಾಮಾನ್ಯವಾಗಿ ಯಾವುದೋ ಒಂದು ಕಂಪನಾಂಕದಲ್ಲಿ ದೊರೆತ ಗರಿಷ್ಠ ಅಂಕಿ. ಬ್ಯಾಟರಿಯ ಗಂಟೆಗಳು ಬಹುತೇಕ ಎಎನ್‌ಸಿ ಆರಿಸಿಟ್ಟಾಗಿನವು. ಇವೆರಡನ್ನೂ ನಂಬದೆ, ಅಂಗಡಿಯ ಹೊರಗೆ ಬಸ್ಸು ನಿಂತು ಗುರುಗುಟ್ಟುವ ಕಡೆ ಹೋಗಿ ಎಎನ್‌ಸಿಯನ್ನು ಹಾಕಿ, ಆರಿಸಿ ನೋಡುವುದು ಮೇಲು. ಮೈಕ್ ಪರೀಕ್ಷೆಗೆ ಅದೇ ಬೀದಿಯಲ್ಲಿ ನಿಂತು ನಿಮ್ಮದೇ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದಕ್ಕೆ ಒಪ್ಪುವ ಅಂಗಡಿಗಳಿವೆ. ಒಪ್ಪದ ಅಂಗಡಿಯಲ್ಲಿ ಕೊಳ್ಳಲೇಬೇಕೆಂದೇನೂ ಇಲ್ಲ. ಬಿಚ್ಚುವ ಮೈಕ್ ಮತ್ತು ಕಿವಿಯ ದಿಂಬು ಬಿಡಿಯಾಗಿ ದೊರೆಯುತ್ತವೆಯೇ ಎಂದು ಕೇಳಿ. ಮೊದಲು ಕಳೆದುಹೋಗುವುದು ಮೈಕ್, ಮೊದಲು ಹರಿಯುವುದು ದಿಂಬು.

ನಿಸ್ತಂತು ಹೆಡ್‌ಫೋನ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲಿನ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಬಿಲ್ಲು ಇಲ್ಲದೆ ಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಆನ್‌ಲೈನಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು; ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅದಕ್ಕೂ ಮೊದಲು ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಎಷ್ಟೋ ದೂರುಗಳು ಅಲ್ಲಿಯೇ ಬಗೆಹರಿಯುತ್ತವೆ.

ಮಗ್ಗದ ಮುಂದೆ ಕೂತವರ ಕಿವಿ

ಒಂದು ಮಾತು ಉಳಿದಿದೆ. ಎಎನ್‌ಸಿ ಹೆಡ್‌ಫೋನ್ ಕಿವಿಯ ರಕ್ಷಣಾ ಸಾಧನವಲ್ಲ; ಮಗ್ಗದ ಬಳಿ ಕೆಲಸ ಮಾಡುವಾಗ ಧರಿಸಲು ಅದನ್ನು ತಯಾರಿಸಿಲ್ಲ. ಸದ್ದು ಮೀರಲೆಂದು ಹಾಡಿನ ಧ್ವನಿ ಏರಿಸಿದರಂತೂ ಹಾನಿ ಇಮ್ಮಡಿ. ದಿನಕ್ಕೆ ಎಂಟು ಗಂಟೆ ಕೇಳಲು 85 ಡೆಸಿಬೆಲ್ ಮಿತಿಯೆಂದು ತಜ್ಞರು ಹೇಳುತ್ತಾರೆ; ಅಲ್ಲಿಂದ ಮೂರು ಡೆಸಿಬೆಲ್ ಏರಿದಾಗಲೆಲ್ಲ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಲಾಳಿ ಮಗ್ಗಗಳ ಕೊಠಡಿಯಲ್ಲಿ ಸದ್ದು ಸಾಮಾನ್ಯವಾಗಿ 90 ದಾಟಿರುತ್ತದೆ. ಕಾರ್ಖಾನೆಗಳಿಗೆ ಇರುವ ಸದ್ದಿನ ನಿಯಮ ನಾಲ್ಕು ಮಗ್ಗದ ಮನೆಗೆ ಅನ್ವಯಿಸುವುದಿಲ್ಲ, ಕೇಳುವವರೂ ಇಲ್ಲ. ಇಂಥ ಕಿವುಡು ಮೊದಲು ತಟ್ಟುವುದು ನಾಲ್ಕು ಸಾವಿರ ಹರ್ಟ್ಜ್ ಸುತ್ತಿನಲ್ಲಿ. ಮಾತು ಕೇಳಿಸುತ್ತದೆ, ‘ಸ’, ‘ಶ’, ‘ಚ’ಗಳು ಮಾತ್ರ ಮಸುಕಾಗುತ್ತವೆ. ಮನೆಯವರು ಇದನ್ನು ಅಪ್ಪನ ಗಮನ ಸಾಲದೆಂದೋ ವಯಸ್ಸಾಯಿತೆಂದೋ ತಿಳಿಯುತ್ತಾರೆ. ಒಮ್ಮೆ ಹೋದ ಈ ಶ್ರವಣ ಮರಳುವುದಿಲ್ಲ.

ಮಗಳಿಗೆ ನಾಲ್ಕು ಸಾವಿರದ ಹೆಡ್‌ಫೋನ್ ಬರುವ ಮನೆಯಲ್ಲಿ ಅಪ್ಪನ ಕಿವಿಗೆ ಹತ್ತಿಯ ಉಂಡೆಯೇ ಗತಿ. ಹತ್ತಿ ಸದ್ದನ್ನು ತಡೆಯುವುದು ಅತ್ಯಲ್ಪ. ಕಿವಿಗೆ ಹೊಂದಿ ಉಬ್ಬುವ ಫೋಮ್ ಬಿರಡೆಗಳು ಔಷಧಿ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಕೆಲವೇ ಹತ್ತಾರು ರೂಪಾಯಿಗೆ ದೊರೆಯುತ್ತವೆ. ಬೆರಳುಗಳಲ್ಲಿ ಹೊಸೆದು ತೆಳುವಾಗಿಸಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಇಡೀ ಕಿವಿ ಮುಚ್ಚುವ ಇಯರ್‌ಮಫ್‌ಗಳು ಕೈಗಾರಿಕಾ ಸುರಕ್ಷತಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಅವು ಎಷ್ಟು ಡೆಸಿಬೆಲ್ ತಗ್ಗಿಸುತ್ತವೆಂಬುದನ್ನು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಮಗ್ಗ ನಿಂತ ಮೇಲೂ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿಯುತ್ತಿದ್ದರೆ, ಕಿವಿ ತಜ್ಞರ ಬಳಿ ಹೋಗಿ ಶ್ರವಣ ಪರೀಕ್ಷೆ ಮಾಡಿಸಲು ತಡಮಾಡಬಾರದು.